ಕಾರ್ಡಿನ ಮೇಲಿನ ಹೆಸರು

ನನ್ನ ಅಣ್ಣನ ಮಗಳು ಈಚೆಗೆ ಗದುಗಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಂಗಡಿಯವರು ಇಂಟರ್‌ನೆಟ್ಟಿನಲ್ಲೂ ಮಾರುತ್ತಾರಂತೆ, ಆ ವ್ಯವಹಾರ ಇವಳ ಪಾಲಿಗೆ. ವಾರ ಕಳೆಯುವುದರೊಳಗೆ ಮನೆಗೆ ಬಂದು, "ಭಾಳ ಕಿರಿಕಿರಿ ಐತಿ ಅತ್ತಿ, ಒಮ್ಮೊಮ್ಮೆ ಪೇಮೆಂಟ್ ನಡುವ ಸಿಕ್ಕೊಂಡ ಬಿಡತೈತಿ, ಎರಡ ನಿಮಿಷ ಕಾಯಬೇಕು" ಎಂದಳು. ಎರಡು ನಿಮಿಷ! ನಾನು ಬಾಯಿಬಿಟ್ಟಿದ್ದರೆ ಜಗಳವೇ ಆಗುತ್ತಿತ್ತು. ಚಹಾ ಕೊಟ್ಟು ಕಳಿಸಿ ಇದನ್ನು ಬರೆಯಲು ಕುಳಿತೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ.

ನಾನು ಮೊದಲು ರೋಣದಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ಹುಡುಗರೆಲ್ಲ ಕಂಪ್ಯೂಟರ್ ಕಡೆ ಹೋದರು, ನನ್ನ ಯಂತ್ರಗಳ ಮೇಲೆ ಧೂಳು ಕುಳಿತಿತು. ಬೇರೆ ದಾರಿ ಕಾಣದೆ ನಾನೂ ಕಂಪ್ಯೂಟರ್ ಕಲಿತೆ. ಅದೇ ಹೊತ್ತಿಗೆ ಗಜೇಂದ್ರಗಡದ ಗನೀಸಾಹೇಬರು ನನ್ನನ್ನು ಹುಡುಕಿಕೊಂಡು ಬಂದರು. ಅವರದು ತಂದೆಯ ಕಾಲದಿಂದ ಬಂದ ಕೈಮಗ್ಗದ ಸೀರೆಯ ಅಂಗಡಿ. ಊರಿನ ನೇಕಾರರಿಗೆ ನೂಲು ಕೊಟ್ಟು ನೇಯಿಸಿ ಮಾರುತ್ತಿದ್ದರು. ಪುಣೆಯ ವಸ್ತುಪ್ರದರ್ಶನದಲ್ಲಿ ಯಾರೋ ಅವರ ತಲೆಗೆ ಹುಳ ಬಿಟ್ಟಿದ್ದರು: ಇಂಟರ್‌ನೆಟ್ಟಿನಲ್ಲಿ ಅಂಗಡಿ ಇಟ್ಟರೆ ಇಡೀ ದೇಶವೇ ಗಿರಾಕಿ.

"ಹುಬ್ಬಳ್ಳಿಯವರು ಅಂಗಡಿ ಮಾಡಿ ಕೊಟ್ಟಾರ್ರಿ ಟೀಚರ್ರ. ಕಂಪ್ಯೂಟರಿನ್ಯಾಗ ಸೀರಿ ಕಾಣತಾವು. ಆದ್ರ ರೊಕ್ಕಾ ಹ್ಯಾಂಗ ಬರತೈತಿ ಅನ್ನೂದ ನಂಗ ತಿಳಿವಲ್ದು. ಅದೊಂದ ನೀವು ನೋಡ್ರಿ" ಎಂದರು.

ಅದೊಂದನ್ನು ನೋಡುವುದರಲ್ಲೇ ನನ್ನ ತಲೆ ಬೆಳ್ಳಗಾಯಿತು.

ಮೊದಲು ಬ್ಯಾಂಕಿಗೆ ಹೋದೆ. ನಮ್ಮ ಅಂಗಡಿಯ ಖಾತೆ ಇದ್ದ ಬ್ಯಾಂಕಿನ ಮ್ಯಾನೇಜರು ಒಳ್ಳೆಯವರೇ. ಕಾರ್ಡು ಉಜ್ಜುವ ಯಂತ್ರವನ್ನು ಹುಬ್ಬಳ್ಳಿಯಲ್ಲಿ ನೋಡಿದ್ದರು. ಗಿರಾಕಿ ಕಾರ್ಡು ಕೊಡುತ್ತಾನೆ, ಯಂತ್ರದಲ್ಲಿ ಎಳೆಯುತ್ತಾರೆ, ಚೀಟಿ ಬರುತ್ತದೆ, ಗಿರಾಕಿ ಸಹಿ ಮಾಡುತ್ತಾನೆ ಎಂದು ನನಗೇ ಪಾಠ ಹೇಳಿದರು. ನಮ್ಮದು ಹಾಗಲ್ಲ ಎಂದೆ.

"ಹಂಗಾರ ಗಿರಾಕಿ ಎಲ್ಲಿ ಅದಾರ್ರಿ?"

"ಪುಣೆದಾಗ್ರಿ."

"ಕಾರ್ಡು?"

"ಅದೂ ಪುಣೆದಾಗ್ರಿ."

"ಸಹಿ ಯಾರು ಮಾಡ್ತಾರ?"

"ಯಾರೂ ಮಾಡೂದಿಲ್ರಿ. ನಂಬರ್ ಬರಕೊಟ್ರ ಸಾಕು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಾಯಾರ, ಗಿರಾಕಿ ಇಲ್ಲ, ಕಾರ್ಡ ಇಲ್ಲ, ಸಹಿ ಇಲ್ಲ. ನಾ ಏನ್ ನೋಡಿ ನಿಮಗ ರೊಕ್ಕಾ ಕೊಡ್ಲಿ?"

ಆಮೇಲಿನ ವರ್ಷಗಳಲ್ಲಿ ಆ ಪ್ರಶ್ನೆ ಎಷ್ಟು ಸರಿಯಾಗಿತ್ತು ಎಂದು ನನಗೆ ಹಲವು ಸಲ ಅನ್ನಿಸಿದೆ. ಆ ಹೊತ್ತಿಗೆ ಮಾತ್ರ ಸಿಟ್ಟು ಬಂತು.

ಕಡೆಗೆ ಮುಂಬಯಿಯ ಒಂದು ಕಂಪನಿ ಸಿಕ್ಕಿತು. ಗಿರಾಕಿಯ ಕಾರ್ಡಿನಿಂದ ಹಣ ತೆಗೆದು, ತನ್ನ ಪಾಲು ಹಿಡಿದುಕೊಂಡು, ಉಳಿದದ್ದನ್ನು ಅಂಗಡಿಯ ಖಾತೆಗೆ ಹಾಕುವುದು ಅದರ ಕೆಲಸ. ಕೇಳಿದ ಕಾಗದಗಳನ್ನೆಲ್ಲ ಕಳಿಸಿದೆವು. ಕಳಿಸಿದ್ದನ್ನೇ ಮತ್ತೆ ಕೇಳಿದರು, ಮತ್ತೆ ಕಳಿಸಿದೆವು. ಫೋನು ಮಾಡಿದರೆ ಹಿಂದಿಯಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ಧ್ವನಿ. ಕೊನೆಗೆ ಮನುಷ್ಯರು ಸಿಕ್ಕಿ ಊರು ಯಾವುದೆಂದು ಕೇಳಿದರೆ, ಗಜೇಂದ್ರಗಡ ಎನ್ನುವಷ್ಟರಲ್ಲಿ ಅವರಿಗೆ ಸುಸ್ತು. ಇಂಥ ಊರು ಇದೆಯೆಂದು ತೋರಿಸಿ ಎಂದರು. ಅಂಗಡಿಯ ಮುಂದೆ ಇಂಟರ್‌ನೆಟ್ ಹೆಸರಿನ ಬೋರ್ಡು ಇರಲೇಬೇಕು, ನಮ್ಮವರು ಬಂದು ಫೋಟೋ ತೆಗೆಯುತ್ತಾರೆ ಎಂದೂ ಹೇಳಿದರು.

ಬಸ್‌ಸ್ಟ್ಯಾಂಡಿನ ಹತ್ತಿರದ ಪೇಂಟರನಿಗೆ ಬೋರ್ಡು ಬರೆಯಲು ಕೊಟ್ಟೆವು. ಅವನು ಅಂಗಡಿಯ ಹೆಸರನ್ನು ಚಂದವಾಗಿ ಬರೆದು, ಕೊನೆಗೆ ಕೆಂಪು ಬಣ್ಣದಲ್ಲಿ ದಪ್ಪಕ್ಷರದಿಂದ 'ಡಾಟ್ ಕಾಮ' ಎಂದು ಬರೆದ. ಮಕಾರವನ್ನು ಅರ್ಧ ಮಾಡುವ ಗುರುತೇ ಇಲ್ಲ, 'ಕಾಮ್' ಹೋಗಿ 'ಕಾಮ' ಆಗಿತ್ತು. ಸಂತೆಯ ದಿನ ಬೋರ್ಡು ಏರಿತು. ಹಾದಿಯಲ್ಲಿ ಹೋಗುವವರೆಲ್ಲ ನಿಂತು ಓದಿದರು. ಗನೀಸಾಹೇಬರ ಗೆಳೆಯರೊಬ್ಬರು ಒಳಗೇ ಬಂದು, "ಅಲ್ರೀ ಸಾಹೇಬ್ರ, ಈ ವಯಸ್ಸಿನ್ಯಾಗ ಇದೇನ ಹಚ್ಚೀರಿ" ಎಂದು ಕೇಳಿದರು. ಸಾಹೇಬರಿಗೆ ಅರ್ಥವಾದಾಗ ಅವರು ಪೇಂಟರನನ್ನು ಬೈದದ್ದು ಪಕ್ಕದೂರು ಸೂಡಿಯವರೆಗೆ ಕೇಳಿಸಿರಬೇಕು. ಅದನ್ನು ತಿದ್ದಿಸುವ ಮೊದಲೇ ಹುಬ್ಬಳ್ಳಿಯಿಂದ ಫೋಟೋದವನು ಬಂದು, ತೆಗೆದುಕೊಂಡು ಹೋಗಿಬಿಟ್ಟಿದ್ದ. ಮುಂಬಯಿಯಲ್ಲಿ ಕನ್ನಡ ಓದುವವರು ಯಾರೂ ಇರಲಿಲ್ಲವೆಂದು ಕಾಣುತ್ತದೆ, ಒಪ್ಪಿಗೆ ಬಂತು.

ಒಪ್ಪಿಗೆ ಬಂದದ್ದೇ ಕಷ್ಟ ಶುರುವಾಯಿತು. ಅಂಗಡಿಗೆ ಇದ್ದದ್ದು ಒಂದೇ ಫೋನು. ಇಂಟರ್‌ನೆಟ್ಟೂ ಅದರಲ್ಲೇ, ಮಾತೂ ಅದರಲ್ಲೇ. ನಾನು ಆರ್ಡರು ನೋಡುತ್ತಿರುವಾಗ ಸಾಹೇಬರು ಆಚೆ ರಿಸೀವರ್ ಎತ್ತಿ, "ಹಲೋ" ಎಂದರೆ ನನ್ನದು ಕಡಿದುಹೋಗುತ್ತಿತ್ತು. ಇನ್ನು ಕರೆಂಟು. ಅದರ ಬಗ್ಗೆ ಬರೆದರೆ ಈ ಕಾಗದ ಸಾಲದು.

ಗಿರಾಕಿಗಳೂ ಕಡಿಮೆಯವರಲ್ಲ. ಮೈಸೂರಿನ ಒಬ್ಬ ಉಪನ್ಯಾಸಕಿ ತಮ್ಮ ಕಾರ್ಡನ್ನು ಹಿಂದೆ ಮುಂದೆ ಎರಡೂ ಕಡೆ ನಕಲು ಮಾಡಿ ಇಮೇಲಿನಲ್ಲಿ ಕಳಿಸಿ, ಹಣ ತೆಗೆದುಕೊಳ್ಳಿ ಎಂದು ಬರೆದರು. ಹೀಗೆ ಯಾರಿಗೂ ಕಳಿಸಬೇಡಿ, ನಾನು ಅಳಿಸಿದ್ದೇನೆ ಎಂದು ಉತ್ತರ ಬರೆದೆ. ವ್ಯಾಪಾರ ಮಾಡುವ ಮನಸ್ಸು ನಿಮಗಿಲ್ಲ ಎಂದು ನನ್ನನ್ನೇ ಗದರಿಸಿದರು. ಸೊಲ್ಲಾಪುರದ ಒಬ್ಬರು ಪರದೆ ಕದಲುತ್ತಿಲ್ಲವೆಂದು ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಒಂದು ಸೀರೆಗೆ ಮೂರು ಸಲ ಹಣ ಕಟ್ಟಿದರು. ತೆಗೆದುಕೊಳ್ಳಲು ಕಂಪನಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು, ವಾಪಸು ಕೊಡಲು ತಿಂಗಳು ಬೇಕು. ಆ ತಿಂಗಳು ಪೂರ್ತಿ ಅವರು ಬೈದದ್ದು ನನ್ನನ್ನು. ಅವರು ತಮ್ಮ ಬ್ಯಾಂಕಿಗೆ ದೂರನ್ನೂ ಕೊಟ್ಟರು.

ಈ ದೂರು ಎನ್ನುವುದನ್ನು ಸ್ವಲ್ಪ ಹೇಳಬೇಕು, ಮುಂದಿನ ಕಥೆ ಅದರದ್ದೇ. ಕಾರ್ಡಿನ ಯಜಮಾನ ತನ್ನ ಬ್ಯಾಂಕಿಗೆ, 'ಈ ಖರೀದಿ ನಾನು ಮಾಡಿಲ್ಲ' ಎಂದರೆ ಸಾಕು, ಅಂಗಡಿಗೆ ಬಂದ ಹಣವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಸರಕು ಕೊಟ್ಟಿದ್ದೇವೆಂದು ರುಜುವಾತು ಮಾಡುವ ಹೊಣೆ ನಮ್ಮದು. ಇಂಥ ದೂರುಗಳು ಹೆಚ್ಚಾದರೆ ಕಾರ್ಡಿನ ಸೌಲಭ್ಯವನ್ನೇ ನಿಲ್ಲಿಸುತ್ತಾರೆ. ನಮ್ಮ ಮೇಲೆ ಆಗಲೇ ಒಂದೆರಡು ದೂರು ಬಿದ್ದಿದ್ದವು. ಇನ್ನೊಂದನ್ನು ಸೋತರೆ ನಿಲ್ಲಿಸಬೇಕಾದೀತು ಎಂದು ಕಂಪನಿಯವರು ಬರೆದಿದ್ದರು. ದೀಪಾವಳಿ ಹತ್ತಿರ ಬರುತ್ತಿತ್ತು. ಇಂಟರ್‌ನೆಟ್ಟಿನ ಗಿರಾಕಿಗಳನ್ನೇ ನಂಬಿ ಸಾಹೇಬರು ಓಣಿಯ ಮಗ್ಗಗಳಿಗೆಲ್ಲ ನೂಲು ಹಂಚಿದ್ದರು.

ಆಗ ಬಂತು ಮುಶಿಗೇರಿಯ ಸೀರೆಯ ದೂರು.

ನಾಸಿಕದಿಂದ ಒಂದು ಕಾರ್ಡಿನಲ್ಲಿ ಆಗಾಗ ಆರ್ಡರು ಬರುತ್ತಿತ್ತು. ಕಾರ್ಡಿನ ಮೇಲಿನ ಹೆಸರು ಮಲ್ಲಿಕಾರ್ಜುನ. ಸೀರೆ ತಲುಪಿಸಬೇಕಾದದ್ದು ಮಾತ್ರ ಇಲ್ಲೇ ಮುಶಿಗೇರಿಯ ಗಂಗವ್ವ ಎನ್ನುವವರಿಗೆ. ಕೊರಿಯರಿನವರು ಆ ಊರಿಗೆ ಹೋಗುತ್ತಿರಲಿಲ್ಲ. ಹೀಗಾಗಿ ಆ ಕಡೆ ಹೋಗುವ ಪರಿಚಯದವರ ಕೈಯಲ್ಲಿ ಬಿಲ್ಲಿನ ಸಮೇತ ಕಳಿಸುತ್ತಿದ್ದೆವು. ಈಗ ಆ ಮಲ್ಲಿಕಾರ್ಜುನ ಅವರೇ, 'ಈ ಅಂಗಡಿ ನನಗೆ ಗೊತ್ತೇ ಇಲ್ಲ, ನನ್ನ ಕಾರ್ಡು ಯಾರೋ ಕದ್ದು ಬಳಸಿದ್ದಾರೆ' ಎಂದು ದೂರು ಕೊಟ್ಟಿದ್ದರು. ಸೀರೆ ಪಡೆದವರ ಸಹಿ ಮತ್ತು ಕಾರ್ಡಿನ ಯಜಮಾನನಿಗೂ ಅವರಿಗೂ ಇರುವ ಸಂಬಂಧ, ಇವೆರಡನ್ನೂ ಬರೆಸಿ ಕಳಿಸಿ ಎಂದಿತು ಕಂಪನಿ.

"ನಾವೇನ ಕಳ್ಳರಾ?" ಎಂದು ಸಾಹೇಬರು ಎದ್ದು ನಿಂತರು. "ಟೀಚರ್ರ, ಇವತ್ತ ಹೋಗಿ ಬರ್ರಿ. ಆ ಹೆಣ್ಮಗಳ ಕಡೆ ಬರಿಸ್ಕೊಂಡ ಬರ್ರಿ. ಇದೊಂದನ್ನ ನಾ ಬಿಡೂದಿಲ್ಲ."

ಮಧ್ಯಾಹ್ನದ ಬಸ್ಸಿಗೆ ಹೋದೆ. ಗಂಗವ್ವ ಕಟ್ಟೆಯ ಮೇಲೆ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದರು. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಸೀರೆ ಅಂಗಡಿಯಿಂದ ಬಂದೆನೆಂದ ಕೂಡಲೇ ಎದ್ದು ನನಗೆ ಚಾಪೆ ಹಾಸಿದರು, ಆಮೇಲೆ ಓಣಿಯ ಕಡೆ ತಿರುಗಿ ದೊಡ್ಡ ಧ್ವನಿಯಲ್ಲಿ ಹೇಳಿದರು: "ನಮ್ಮ ಅಳಿಯಾ ಸೀರಿ ಕಳಸ್ತಾನಲ್ಲ, ಆ ಅಂಗಡಿ ಬಾಯಾರು ಬಂದಾರ!"

ಎದುರು ಮನೆಯವರು ಬಂದರು, ಪಕ್ಕದವರು ಬಂದರು. ಗಂಗವ್ವ ಟ್ರಂಕಿನಿಂದ ಸೀರೆಗಳನ್ನು ತಂದು ಅವುಗಳ ಜೊತೆಗೇ ಮಡಚಿಟ್ಟಿದ್ದ ಬಿಲ್ಲುಗಳನ್ನು ತೋರಿಸಿದರು. ಬಿಲ್ಲಿನ ತುದಿಗೆ ಹಣ ಕಟ್ಟಿದವರ ಹೆಸರು ತಾನಾಗಿಯೇ ಅಚ್ಚಾಗುತ್ತಿತ್ತು. "ನೋಡ್ರಿ, ಮಲ್ಲಿಕಾರ್ಜುನ ಅಂತ ಐತಿಲ್ಲೋ? ನನ್ನ ಮಗನ ಲಗ್ನದಾಗ ಊಟದ ಪಂಕ್ತ್ಯಾಗ ಅಳಿಯಾನ ಕಡಿಯವರಿಗೆ ಏನೋ ಹೆಚ್ಚಕಡಿಮಿ ಆತು. ಸಿಟ್ಟ ಮಾಡ್ಕೊಂಡ ಹ್ವಾದಾಂವ ನಮ್ಮ ಮನಿ ಹೊಚ್ಚಲಾ ತುಳೀಲಿಲ್ಲ, ನನ್ನ ಮಗಳನ್ನೂ ಕಳಸಲಿಲ್ಲ. ಮಂದಿ ಏನೇನೋ ಅಂದ್ರು. ಈಗ ಸೀರಿ ಕಳಸಾಕತ್ತಾನ. ಸಿಟ್ಟು ಇಳದೈತಿ."

ನಾನು ನನ್ನ ಕಾಗದ ಮುಂದಿಟ್ಟೆ. ಸೀರೆಗಳು ಮುಟ್ಟಿವೆ, ಮಲ್ಲಿಕಾರ್ಜುನ ನನ್ನ ಅಳಿಯ ಎಂದು ಬರೆದು ಓದಿ ಹೇಳಿದೆ. ಅವರು ಸಂತೋಷದಿಂದ ಹೆಬ್ಬೆಟ್ಟು ಒತ್ತಿದರು. ಬಸ್ಸಿನಲ್ಲಿ ಕುಳಿತು ನಾನೂ ಸಂತೋಷಪಟ್ಟೆ. ಇಷ್ಟು ಸ್ಪಷ್ಟವಾದ ರುಜುವಾತು ನಮಗೆ ಎಂದೂ ಸಿಕ್ಕಿರಲಿಲ್ಲ.

ಮರುದಿನ ಅದನ್ನು ಫ್ಯಾಕ್ಸ್ ಮಾಡಬೇಕೆಂದು ಹೊರಡುವಷ್ಟರಲ್ಲಿ ಫೋನು ಬಂತು.

"ನಾ ಗಂಗವ್ವನ ಮಗಳು ಶಶಿಕಲಾ ಮಾತಾಡೂದ್ರಿ, ನಾಸಿಕದಿಂದ" ಎಂದಿತು ಧ್ವನಿ. ಬೂತಿನಿಂದ ಮಾತಾಡುತ್ತಿದ್ದಳು, ಹಿಂದೆ ಗಾಡಿಗಳ ಸದ್ದು. "ನಿನ್ನೆ ನೀವು ಮುಶಿಗೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡದ್ದನ್ನ ಅವ್ವ ಫೋನಿನ್ಯಾಗ ಹೇಳಿದ್ಲು. ಬಾಯಾರ, ಸೀರಿ ತರಿಸಿದಾಕಿ ನಾನ. ನೆಟ್ ಅಂಗಡ್ಯಾಗ ಕುಂತು ಅವರ ಕಾರ್ಡಿನ ನಂಬರ್ ಹಾಕಿ ತರಿಸೇನಿ. ಕಾರ್ಡಿನ ಬಿಲ್ಲು ಬಂದಾಗ ನಾನ ಚೆಕ್ ಬರದು ಇಡತಿದ್ನಿ, ಅವರು ನೋಡದ ಸಹಿ ಮಾಡತಿದ್ರು. ಈ ಸಲ ಅವರಿಗೆ ಜ್ವರಾ ಬಂದು ಮನ್ಯಾಗ ಇದ್ರು, ಲಕೋಟಿ ಅವರ ಕೈಗೇ ಸಿಕ್ತು. ಅದ್ರಾಗ ನಿಮ್ಮ ಅಂಗಡಿ ಹೆಸರಿಲ್ಲ, ಯಾವ್ದೋ ಮುಂಬಯಿ ಕಂಪನಿ ಹೆಸರೈತಿ. ಕಳ್ಳತನಾ ಅಂತ ಬ್ಯಾಂಕಿಗೆ ಹೇಳಿಬಿಟ್ರು. ನಂಗ ಬಾಯಿ ಬಿಡಾಕ ಆಗಲಿಲ್ಲ."

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಅವಳ ಮೇಲೆ ಅಲ್ಲ. ಗಿರಾಕಿಯ ಬಿಲ್ಲಿನಲ್ಲಿ ನಮ್ಮ ಅಂಗಡಿಯ ಹೆಸರೇ ಬರುವಂತೆ ಮಾಡಿ ಎಂದು ನಾನು ಆ ಕಂಪನಿಗೆ ಬರೆದು ಬರೆದು ಸೋತಿದ್ದೆ. ನಿಯಮದಲ್ಲಿ ಇಲ್ಲ, ನಿಯಮದಲ್ಲಿ ಇಲ್ಲ ಎಂದೇ ಉತ್ತರ.

"ನಮ್ಮವ್ವನ ಹೆಸರು ಇರೂ ಕಾಗದ ಕಳಸಬ್ಯಾಡ್ರಿ" ಎಂದಳು ಶಶಿಕಲಾ. "ಅವರ ಸಿಟ್ಟು ನಾ ತಡಕೋತೀನಿ. ಆದ್ರ ಅವರು ಅವ್ವಗ ಫೋನ್ ಮಾಡಿ, ನಾ ಕಳಿಸಿಲ್ಲ ಅಂದುಬಿಟ್ರ? ಆಕಿ ಇಡೀ ಊರಿಗೆ ಹೇಳಿಕೊಂಡಾಳ. ತಲಿ ಎತ್ತಿ ತಿರುಗಾಕ ಆಗೂದಿಲ್ಲರಿ ಆಕಿಗೆ."

ಹೆಬ್ಬೆಟ್ಟಿನ ಕಾಗದ ನನ್ನ ಕೈಯಲ್ಲೇ ಇತ್ತು. ನೋಡೋಣ ಎಂದಷ್ಟೇ ಹೇಳಿ ಫೋನು ಇಟ್ಟೆ.

ಸಾಹೇಬರಿಗೆ ಹೇಳಿದೆ. ಅವರು ಕೂಗಾಡಿದರು. "ಸೀರಿ ನಮ್ದು, ದೂರು ನಮ್ಮ ಮ್ಯಾಲೆ, ಈಗ ಬಾಯಿ ಮುಚ್ಕೊಂಡ ಕುಂದ್ರಾವ್ರೂ ನಾವ! ಓಣ್ಯಾಗ ಮಗ್ಗಾ ನಡದಾವು, ದೀಪಾವಳಿಗೆ ಕಾರ್ಡ್ ನಿಂತ್ರ ಆ ಸೀರಿ ತಗೊಂಡ ಏನ್ ಮಾಡ್ಲಿ? ಎಲ್ಲಾರ ಮನೀ ಜಗಳಾ ನನ್ನ ಅಂಗಡ್ಯಾಗ ಬಂದು ಬೀಳಬೇಕೇನು?" ಅವರ ಮಾತು ಸುಳ್ಳಲ್ಲ. ಗಂಗವ್ವ ಓಣಿಯವರನ್ನು ಕರೆದ ಧ್ವನಿ ಕಿವಿಯಲ್ಲಿತ್ತು, ಮಗ್ಗದ ಸದ್ದೂ ಇತ್ತು. ಸಾಹೇಬರು ಟೊಪ್ಪಿಗೆ ಹಾಕಿಕೊಂಡು ನಮಾಜಿಗೆ ಹೋದರು. ಬಂದವರು ಗಾದಿಯ ಮೇಲೆ ಕುಳಿತು, ಬಹಳ ಹೊತ್ತು ಒಂದು ಸೀರೆಯ ಸೆರಗನ್ನು ಸವರುತ್ತಾ ಇದ್ದರು.

"ಆ ಮುದುಕಿ ಖರೇನ ಓಣಿ ತುಂಬ ಹೇಳ್ಯಾಳೇನ್ರಿ?"

"ನನ್ನ ಮುಂದನ ಕೂಗಿ ಹೇಳಿದ್ರು."

"ಕಳಸಬ್ಯಾಡ್ರಿ ಹಂಗಾರ" ಎಂದರು. ಆಮೇಲೆ ವಾರಗಟ್ಟಲೆ ನನ್ನ ಮೇಲೆ ಗೊಣಗಿದರು, ಆ ಮಾತು ಬೇರೆ.

ಸೋಲನ್ನು ಒಪ್ಪಿಕೊಳ್ಳಲೂ ಒಂದು ಫಾರಂ ಇತ್ತು. ಕಾರಣಗಳನ್ನು ಅವರೇ ಅಚ್ಚು ಹಾಕಿದ್ದರು: ಸರಕು ಕಳಿಸಿಲ್ಲ, ಸರಕು ಹಾಳಾಗಿತ್ತು, ಎರಡು ಸಲ ಹಣ ಪಡೆಯಲಾಗಿದೆ. ನಮ್ಮ ಕಾರಣ ಅದರಲ್ಲಿ ಇರಲಿಲ್ಲ. ಖಾಲಿ ಬಿಟ್ಟು ಕಳಿಸಿದೆ. ಕಾರಣ ಬರೆದಿಲ್ಲವೆಂದು ವಾಪಸು ಬಂತು. ಅತ್ತು ಬಿಡೋಣ ಅನ್ನಿಸಿತು. ಮತ್ತೆ 'ಸರಕು ಕಳಿಸಿಲ್ಲ' ಎಂಬುದಕ್ಕೆ ಗುರುತು ಹಾಕಿ ಕಳಿಸಿದೆ. ಕಾರ್ಡಿನ ಸೌಲಭ್ಯ ನಿಂತಿತು. ಆ ದೀಪಾವಳಿಗೆ ಗಿರಾಕಿಗಳಿಂದ ಮನಿಆರ್ಡರು, ಡಿಮ್ಯಾಂಡ್ ಡ್ರಾಫ್ಟು ತರಿಸಿಕೊಂಡೆವು. ಅರ್ಧದಷ್ಟು ಜನ ಬಿಟ್ಟುಹೋದರು. ಉಳಿದ ಸೀರೆಗಳನ್ನು ಸಾಹೇಬರು ಹಳೆಯ ಕಾಲದಂತೆ ಗಂಟು ಕಟ್ಟಿಕೊಂಡು ನರಗುಂದದ ಕಡೆ, ಇಟಗಿಯ ಕಡೆ ಹೋಗಿ ಮಾರಿ ಬಂದರು. ಒಂದು ಮಗ್ಗವನ್ನೂ ನಿಲ್ಲಿಸಲಿಲ್ಲ.

ಹಬ್ಬ ಮುಗಿದ ಮೇಲೆ ಒಂದು ದಿನ ಗಂಡಸಿನ ಧ್ವನಿಯ ಫೋನು ಬಂತು. "ನಾ ಮಲ್ಲಿಕಾರ್ಜುನ. ನಿಮ್ಮ ಅಂಗಡಿ ಹುಡುಕಾಕ ನಂಗ ಇಷ್ಟ ದಿನಾ ಹಿಡೀತು. ಆ ಸೀರಿ ಎಲ್ಲಿಗೆ ಕಳಿಸಿದ್ರಿ?"

"ಅದನ್ನ ಹೇಳಾಕ ಕಂಪನಿ ನಿಯಮದಾಗ ಇಲ್ರಿ" ಎಂದೆ. ಆ ನಿಯಮಗಳನ್ನು ನಾನು ಬಳಸಿಕೊಂಡದ್ದು ಅದೊಂದೇ ಸಲ.

ಅವರು ಧ್ವನಿ ತಗ್ಗಿಸಿ ಕೇಳಿದರು. "ಗಜೇಂದ್ರಗಡದ ಅಂಗಡಿ ಅಂದ ಕೂಡ್ಲೇ ತಿಳೀತ್ರಿ ನಂಗ. ಮುಶಿಗೇರಿಗೆ ಹೋಗ್ಯಾವಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅವರ ಮುಂದಿನ ಪ್ರಶ್ನೆ ಬಂತು.

"ಅವರು ಏನಂದ್ರು?"

ಹೇಳಬೇಕೋ ಬಿಡಬೇಕೋ ಎಂದು ನನಗೆ ತಿಳಿಯಲಿಲ್ಲ. ಶಶಿಕಲಾಳ ಮುಖವನ್ನೂ ನಾನು ಕಂಡವಳಲ್ಲ. ಆದರೂ ಬಾಯಿಗೆ ಬಂದುಬಿಟ್ಟಿತು: "ನಮ್ಮ ಅಳಿಯಾ ಕಳಸ್ಯಾನ ಅಂತ ಊರಿಗೆಲ್ಲಾ ತೋರಸ್ಯಾರ್ರಿ. ಸಿಟ್ಟು ಇಳದೈತಿ ಅಂದ್ರು."

ಅತ್ತ ಫೋನು ಇಟ್ಟ ಸದ್ದು. ಸಂಜೆ ರೋಣದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ, ಆ ಹುಡುಗಿಗೆ ಏನು ತಂದಿಟ್ಟೆನೋ ಎಂದು.

ಮುಂದಿನ ಬೇಸಿಗೆಯ ಹೊತ್ತಿಗೆ ಕಂಪನಿಯ ಕಾಲು ಹಿಡಿದು ಕಾರ್ಡಿನ ಸೌಲಭ್ಯ ಮತ್ತೆ ತೆರೆಸಿದೆವು. ತೆರೆದ ಕೆಲವೇ ವಾರಗಳಲ್ಲಿ ಮಲ್ಲಿಕಾರ್ಜುನ ಎಂಬ ಹೆಸರಿನ ಆರ್ಡರು ಬಂತು. ತಲುಪಿಸುವ ವಿಳಾಸ ಮುಶಿಗೇರಿ. ಸೂಚನೆ ಬರೆಯುವ ಜಾಗದಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ: 'ನಾನೇ ಆರಿಸಿದ್ದು, ನಾನೇ ತರಿಸಿದ್ದು.' ಅದನ್ನು ಓದಿ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಕೂತು ಮತ್ತೆ ನೋಡಿದರೆ ಪಕ್ಕದಲ್ಲೇ ಕೆಂಪಕ್ಷರದಲ್ಲಿ ತಿರಸ್ಕೃತ ಎಂದಿದೆ. ಮುಂಬಯಿಗೆ ಫೋನು ಮಾಡಿದರೆ, ಈ ಕಾರ್ಡಿನಿಂದ ನಿಮ್ಮ ಅಂಗಡಿಯಲ್ಲಿ ಮೊದಲೇ ಮೋಸ ನಡೆದಿದೆ, ಇದು ಅಪಾಯದ ಗಿರಾಕಿ, ಹಣ ತೆಗೆಯಲು ಬಿಡುವುದಿಲ್ಲ ಎಂದರು. ಈ ಸಲ ಮೋಸವಿಲ್ಲ ಎಂದೆ. ನಿಮಗೆ ಹೇಗೆ ಗೊತ್ತು ಎಂದರು. ಕಳ್ಳತನದಿಂದ ತರಿಸಿದ ಸೀರೆಗಳೆಲ್ಲ ಸರಾಗವಾಗಿ ಹೋದವು. ಮನಸಾರೆ ಕಳಿಸಿದ ಒಂದನ್ನು ಮಾತ್ರ ತಡೆದರು.

"ಹೆಂಡ್ತಿ ಅವ್ವಗ ಸೀರಿ ಕಳಸಾಂವ ಅಪಾಯದ ಮನಶ್ಯಾ ಅಂತೇನು?" ಎಂದು ಸಾಹೇಬರು ನಕ್ಕರು. ಆ ವರ್ಷ ಅವರು ನಕ್ಕದ್ದೇ ಕಡಿಮೆ. "ರೊಕ್ಕದ್ದು ಆಮ್ಯಾಲೆ ನೋಡೂಣು. ಸೀರಿ ಕೊಟ್ಟು ಬರ್ರಿ ಟೀಚರ್ರ."

ನಾನೇ ತೆಗೆದುಕೊಂಡು ಹೋದೆ. ಹಣ ಆಮೇಲೆ ಅಂಚೆಯಲ್ಲಿ ಬಂತು, ಹಿಂದಿನದ್ದೂ ಸೇರಿ.

ಗಂಗವ್ವ ಪೊಟ್ಟಣ ಬಿಚ್ಚಿದರು. ಗಿಳಿಹಸಿರು ಒಡಲು, ಕೆಂಪು ಸೆರಗು. ಮದುವೆಗೆ ಕೂತ ಹುಡುಗಿ ಉಡಬೇಕಾದ ಸೀರೆ. ಅದನ್ನು ಬಿಸಿಲಿಗೆ ಹಿಡಿದು ಅವರು ಹುಬ್ಬು ಗಂಟಿಕ್ಕಿದರು.

"ಇದನ್ನ ಯಾರ ಆರಿಸ್ಯಾರವಾ?"

"ನಿಮ್ಮ ಅಳಿಯಾರು, ತಾವ ಆರಿಸ್ಯಾರ್ರಿ."

"ಅದಕ್ಕ ಹಿಂಗೈತಿ" ಎಂದರು. ನಂತರ ಓಣಿಯ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಸರಿದು ಮೆಲ್ಲಗೆ ಹೇಳಿದರು: "ಮೊದಲಿನವೆಲ್ಲಾ ನನ್ನ ಮಗಳು ಆರಿಸಿದ್ದು. ಆಕಿ ಕಣ್ಣು ನಂಗ ಗೊತ್ತಾಗೂದಿಲ್ಲೇನು? ಅಳಿಯಾ ಕಳಸ್ಯಾನ ಅಂತ ನಾನ ಊರಿಗೆ ಹೇಳಕೋತ ಬಂದ್ನಿ. ಹೇಳಕೋತ ಇದ್ರ ಮಂದಿ ಬಾಯಾದ್ರೂ ಮುಚ್ಚತೈತಿ ಅಂತ."

"ಬಣ್ಣಾ ಸೇರದಿದ್ರ ಬದಲಿ ಕೊಡತೀವ್ರಿ ಅವ್ವಾರ" ಎಂದೆ, ಅಂಗಡಿಯ ಮಾತು.

"ಏ, ಬ್ಯಾಡ!" ಎಂದು ಸೀರೆಯನ್ನು ಎದೆಗೆ ಒತ್ತಿಕೊಂಡರು. ಒಳಗೆ ಹೋದವರು ಅದನ್ನೇ ಉಟ್ಟುಕೊಂಡು ಬಂದು, ನನ್ನನ್ನು ಕಟ್ಟೆಯ ಮೇಲೆ ಬಿಟ್ಟು, ಉರಿಬಿಸಿಲಿನಲ್ಲಿ ಎದುರು ಮನೆಯ ಬಾಗಿಲು ಬಡಿಯಲು ಹೊರಟರು.